ನೆವಾಸೆಯ ಮಗುವಿನ ಸರ

ಪುಣೆಯ ಕನ್ನಡಿಗರ ಮನೆಗಳಿಗೆ ನಾಮಕರಣಕ್ಕೆ ಹೋದರೆ ಕೂಸಿನ ಕೈಯಲ್ಲಿ ಕರಿಮಣಿಯ ಸಣ್ಣ ಬಳೆ ಕಾಣದೇ ಇರುವುದಿಲ್ಲ. ಐಟಿ ಕಂಪನಿಯ ಅಪ್ಪ-ಅಮ್ಮ ಬೇಡವೆಂದರೂ ಊರಿನಿಂದ ಬಂದ ಅಜ್ಜಿ ಬಿಡುವುದಿಲ್ಲ. ಮಕ್ಕಳಿಗೆ ಮಣಿ ಕಟ್ಟುವ ಈ ಆಸೆ ಎಷ್ಟು ಹಳೆಯದೆಂದು ತಿಳಿಯಬೇಕಾದರೆ, ನಮ್ಮ ಯರವಡಾದ ಡೆಕ್ಕನ್ ಕಾಲೇಜಿನವರು ಅಗೆದು ತೆಗೆದ ಒಂದು ಸರದ ಕತೆ ಕೇಳಬೇಕು.

1954-56ರಲ್ಲಿ ಎಚ್. ಡಿ. ಸಾಂಕಳಿಯಾ ಅವರ ತಂಡ ಅಹಮದ್‌ನಗರ ಜಿಲ್ಲೆಯ ನೆವಾಸೆಯಲ್ಲಿ, ಪ್ರವರಾ ನದಿಯ ದಂಡೆಯಲ್ಲಿ ಅಗೆಯಿತು. ಅಲ್ಲಿ ಸಿಕ್ಕ ಒಂದು ಮಗುವಿನ ಅಸ್ಥಿಯ ಕೊರಳಲ್ಲಿ ತಾಮ್ರದ ಮಣಿಗಳ ಸರವಿತ್ತು. ಮೂರು ಸಾವಿರ ವರ್ಷಕ್ಕೂ ಹಿಂದಿನದು. ಮಣಿ ಉಳಿದದ್ದು ದೊಡ್ಡ ಮಾತಲ್ಲ, ಪೋಣಿಸಿದ ದಾರವೂ ಉಳಿದಿತ್ತು! ತಾಮ್ರದ ಕಿಲುಬು ದಾರದೊಳಗೆ ಇಳಿದಿತ್ತು. ಕೊಳೆಸುವ ಸೂಕ್ಷ್ಮಜೀವಿಗಳಿಗೆ ಅದು ವಿಷ. ನಮ್ಮ ತಾಯಂದಿರು ಹುಣಸೆಹಣ್ಣು ಹಚ್ಚಿ ತಿಕ್ಕಿ ತೆಗೆಯುತ್ತಿದ್ದ ಅದೇ ಕಿಲುಬು.

ದಾರವನ್ನು ಎ. ಎನ್. ಗುಲಾಟಿ ಪರೀಕ್ಷಿಸಿದರು. 1961ರಲ್ಲಿ ಅವರ ವರದಿ ಬಂತು: ಅದು ಹತ್ತಿ ಬೆರೆತ ರೇಷ್ಮೆ ನೂಲು. ಇಳಕಲ್ ಸೀರೆ ಉಟ್ಟವರಿಗೆ ಹತ್ತಿ-ರೇಷ್ಮೆಯ ನಂಟು ಹೊಸದಲ್ಲ ಬಿಡಿ. ಆದರೆ ಅಷ್ಟು ಹಿಂದೆ, ಮಣ್ಣಿನ ಮನೆಗಳ ಒಂದು ಒಕ್ಕಲು ಊರಿನಲ್ಲಿ!

ಆ ಜನ ಹೊಲ ಉತ್ತರು, ದನ ಸಾಕಿದರು, ಕೆಂಪು ಮಡಕೆಯ ಮೇಲೆ ಕಪ್ಪು ಚಿತ್ತಾರ ಬರೆದರು. ತಾಮ್ರ ಅವರಿಗೆ ಅಪರೂಪದ್ದು. ಕೊಯ್ಯುವ, ಹೆರೆಯುವ ಕೆಲಸವೆಲ್ಲ ಹೆಚ್ಚಾಗಿ ಕಲ್ಲಿನ ಅಲಗಿನಿಂದಲೇ. ಆ ಮಣಿಗಳನ್ನು ಕರಗಿಸಿ ಮತ್ತೇನಾದರೂ ಮಾಡಿಕೊಳ್ಳಬಹುದಿತ್ತು, ಇನ್ನೊಂದು ಮಗುವಿಗಾದರೂ ತೊಡಿಸಬಹುದಿತ್ತು. ಬಿಚ್ಚಿಕೊಳ್ಳಲಿಲ್ಲ.

ನನಗೆ ಕಾಡುವುದು ಇದೇ. ಸತ್ತವರ ಮೈಮೇಲಿನ ಬಂಗಾರ-ಬೆಳ್ಳಿ ಬಿಚ್ಚಿಕೊಳ್ಳುವುದು ನಮ್ಮ ರೂಢಿ. ನನ್ನ ಸೋದರತ್ತೆಯ ಮೊದಲ ಕೂಸು ಹೋದಾಗ ಬೆಳ್ಳಿ ಉಡಿದಾರ ತೆಗೆಯಲು ಬಂದವರಿಗೆ ಅಜ್ಜಿ, "ಇರಲಿ ಬಿಡ್ರಿ, ಅದರ ಜೋಡಿ ಹೋಗಲಿ" ಅಂದಿದ್ದಳಂತೆ. ಬಡವರ ಮನೆ, ಬೆಳ್ಳಿ ಬೇಕಾಗಿತ್ತು. ಆದರೂ ಯಾರೂ ಎದುರಾಡಲಿಲ್ಲವಂತೆ.

ನೆವಾಸೆಯ ಮಗುವಿನ ಬದುಕಿನ ಬಗ್ಗೆ ಹೇಳಲು ಇರುವುದು ಈ ಸರ ಮಾತ್ರ. ಆ ಕಾಲದ ಊರುಗಳಲ್ಲಿ ಸತ್ತ ಮಕ್ಕಳನ್ನು ದೂರ ಒಯ್ಯುತ್ತಿರಲಿಲ್ಲ. ಎರಡು ಮಡಕೆಗಳನ್ನು ಬಾಯಿಗೆ ಬಾಯಿ ಕೂಡಿಸಿ, ಒಳಗೆ ಮಗುವನ್ನಿಟ್ಟು, ಮನೆಯ ನೆಲದಡಿಯೇ ಹೂಳುತ್ತಿದ್ದರು. ತಾಯಿ ಮರುದಿನ ಅದೇ ನೆಲವನ್ನು ಸಾರಿಸಿರಬೇಕು, ಅಲ್ಲೇ ಒಲೆ ಹೊತ್ತಿಸಿರಬೇಕು.

ನೆವಾಸೆಗೆ ಈಗಲೂ ಜನ ಹೋಗುತ್ತಾರೆ, ಜ್ಞಾನೇಶ್ವರಿ ಹುಟ್ಟಿದ ಊರೆಂದು. ಔರಂಗಾಬಾದ್ ಬಸ್ಸಿನವರು ನೆವಾಸೆ ಫಾಟಾದಲ್ಲಿ ಚಹಾಕ್ಕೆ ಇಳಿಯುತ್ತಾರೆ. ಅಲ್ಲಿಂದ ಪ್ರವರಾ ದಂಡೆ ದೂರವಿಲ್ಲ.