ಕೊಡ ಇಳಿಸಿದ ಮೇಲೆ...

ಜೋಗತಿ ಕುಣಿತ ಬರೀ ಮನರಂಜನೆ, ಅದರಾಗ ಸಮಾಜ-ಗಿಮಾಜ ಹುಡುಕಬೇಡಿ ಅನ್ನೋರ ಜೊತೆ ನನ್ನದು ತಕರಾರಿದೆ.

ನಮ್ಮ ಜಮಖಂಡಿ ಕಡೆ ಸವದತ್ತಿ ಎಲ್ಲಮ್ಮನ ಕೊಡ ತಲೆ ಮೇಲೆ ಹೊತ್ತು, ಚೌಡಿಕೆ ದನಿಗೆ ಕುಣಿಯೋ ಮಂಗಳಮುಖಿ ಜೋಗತಿಗೆ ಜನ ಕೈ ಮುಗೀತಾರೆ, 'ಅವ್ವಾ' ಅಂತಾರೆ. ಕೊಡ ಇಳಿಸಿದ ಮೇಲೆ? ಬಾಡಿಗೆಗೆ ಒಂದು ಖೋಲಿ ಕೇಳಿದರೂ ಬಾಗಿಲು ಹಾಕ್ಕೋತಾರೆ. ಗಂಡೋ ಹೆಣ್ಣೋ ಅಂತ ಊರು ಪಿಸುಗುಟ್ಟೋ ಪ್ರಶ್ನೆಗೆ ಊರ ನಡುವೆಯೇ ನಿಂತು ಮೈಯಿಂದ ಉತ್ತರ ಕೊಡೋ ಕುಣಿತ ಇದು. ಮನರಂಜನೆಯಂತೆ!

ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿ ಅಧ್ಯಕ್ಷೆಯಾದರು. 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ರಾಷ್ಟ್ರಪತಿಗಳಿಗೇ ಸೆರಗಿನಿಂದ ದೃಷ್ಟಿ ತೆಗೆದರು. ಆ ವಿಡಿಯೋ ನಾವೆಲ್ಲ ಹಂಚಿದ್ದೇ ಹಂಚಿದ್ದು. ಅದೇ ವರ್ಷ ರಾಜ್ಯ ಸರ್ಕಾರ ನೌಕರಿಯಲ್ಲಿ ಶೇ. 1 ಮೀಸಲಾತಿಯನ್ನೂ ಕೊಟ್ಟಿತು.

ಆಶೀರ್ವಾದ ಬೇಕು, ನೆರೆಮನೆ ಮಾತ್ರ ಬೇಡ... ಇದು ಭಕ್ತಿಯೂ ಅಲ್ಲ, ಕಲಾಭಿಮಾನವೂ ಅಲ್ಲ. ಏನಂತೀರಿ?