ಗಣಿಯಾಳದಿಂದ ಗಾಮಾ ಕಿರಣದವರೆಗೆ

ಆಕಾಶವನ್ನು ಅರಿಯಬಯಸುವವನು ಬೆಟ್ಟವನ್ನೇರಬೇಕೆಂಬುದು ಲೋಕದ ಎಣಿಕೆ. 1925ರ ಜೂನ್ 30ರಂದು ನಂಜನಗೂಡಿನಲ್ಲಿ ಜನಿಸಿದ ಬಿ. ವಿ. ಶ್ರೀಕಂಠನ್ ಅವರಾದರೋ ಮೊದಲು ಇಳಿದದ್ದು ಕೋಲಾರದ ಚಿನ್ನದ ಗಣಿಗೆ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನು ಓದಿ, 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ಹೋಮಿ ಭಾಭಾ ಅವರ ಬಳಗವನ್ನು ಸೇರಿದ ಈ ತರುಣನ ಪಾಲಿಗೆ ಬಂದ ಕೆಲಸ ವಿಚಿತ್ರವಾದುದು. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ವಾಯುಮಂಡಲದ ಪರಮಾಣು ಬೀಜಗಳಿಗೆ ಬಡಿದಾಗ ಉಂಟಾಗುವ ಕಣಗಳಲ್ಲಿ ಮ್ಯೂಆನ್ ಎಂಬುದೊಂದು. ಅದು ಬಂಡೆಯನ್ನು ಭೇದಿಸಿ ಎಷ್ಟು ಆಳಕ್ಕೆ ಹೋಗಬಲ್ಲದು? ಈ ಅಳತೆಗೆ ಕೋಲಾರಕ್ಕಿಂತ ಒಳ್ಳೆಯ ತಾಣ ನಮ್ಮ ದೇಶದಲ್ಲಿ ಇರಲಿಲ್ಲ.

ಆಳ ಹೆಚ್ಚಿದಂತೆ ಕಣಗಳು ವಿರಳವಾದವು. ಮುಂದಿನ ದಶಕದಲ್ಲಿ ಸಂಸ್ಥೆಯ ತಂಡವು ಸುಮಾರು 2,760 ಮೀಟರ್ ಆಳದಲ್ಲಿ ಉಪಕರಣವನ್ನಿಟ್ಟು ಎರಡು ತಿಂಗಳು ಕಾದಿತು. ಒಂದು ಮ್ಯೂಆನ್ ಕೂಡ ದಾಖಲಾಗಲಿಲ್ಲ. ಸಾಮಾನ್ಯರು ಇದನ್ನು ವ್ಯರ್ಥ ಶ್ರಮವೆಂದಾರು. ವಿಜ್ಞಾನಿಗಳಿಗೆ ಬೇಕಾಗಿದ್ದುದು ಆ ನಿಶ್ಶಬ್ದವೇ. ಮೇಲಿನಿಂದ ಏನೂ ಇಳಿಯಲಾರದ ಸ್ಥಳದಲ್ಲಿ, ಪಕ್ಕದಿಂದ ಅಡ್ಡಲಾಗಿ ಒಂದು ಮ್ಯೂಆನ್ ಬಂದರೆ ಅದನ್ನು ಹುಟ್ಟಿಸಿದ್ದು ಭೂಮಿಯನ್ನೇ ಹಾದುಬರಬಲ್ಲ ನ್ಯೂಟ್ರಿನೊ ಆಗಿರಲೇಬೇಕು! 1965ರಲ್ಲಿ, ಸುಮಾರು 2,300 ಮೀಟರ್ ಆಳದಲ್ಲಿ, ಅಂಥ ಮ್ಯೂಆನ್ ಗೋಚರಿಸಿತು. ವಾಯುಮಂಡಲದಲ್ಲಿ ಜನಿಸಿದ ನ್ಯೂಟ್ರಿನೊವನ್ನು ಮೊದಲು ಕಂಡವರಲ್ಲಿ ಭಾರತ, ಜಪಾನ್, ಇಂಗ್ಲೆಂಡುಗಳ ಈ ಕೂಡುತಂಡ ಸೇರಿದೆ, ಶ್ರೀಕಂಠನ್ ಅದರಲ್ಲೊಬ್ಬರು. ಅದೇ ವರ್ಷ ದಕ್ಷಿಣ ಆಫ್ರಿಕದ ಚಿನ್ನದ ಗಣಿಯೊಂದರಲ್ಲಿ ಮತ್ತೊಂದು ತಂಡವೂ ಇದೇ ಫಲವನ್ನು ಪಡೆಯಿತು.

ಎಲ್ಲ ಶ್ರಮವೂ ಹೀಗೆ ಫಲಿಸಿತೆನ್ನುವಂತಿಲ್ಲ. ಪರಮಾಣು ಬೀಜದಲ್ಲಿರುವ ಪ್ರೋಟಾನ್ ಎಂದಾದರೊಮ್ಮೆ ತಾನೇ ನಾಶವಾಗುವುದೇ ಎಂದು ನೋಡಲು 1980ರಲ್ಲಿ ಅದೇ ಗಣಿಯಲ್ಲಿ ಸುಮಾರು 140 ಟನ್ ತೂಕದ ಉಪಕರಣ ಕೆಲಸವನ್ನಾರಂಭಿಸಿತು. ಪ್ರೋಟಾನಿನ ಅಳಿವಿನಂತೆ ತೋರುವ ಕೆಲವು ಘಟನೆಗಳನ್ನು ತಂಡ ಪ್ರಕಟಿಸಿದಾಗ ಜಗತ್ತು ಕುತೂಹಲಗೊಂಡಿತು. ಆದರೆ ಅಮೆರಿಕ ಮತ್ತು ಜಪಾನಿನ ಇನ್ನೂ ದೊಡ್ಡ ಉಪಕರಣಗಳಿಗೆ ಅಂಥದು ಕಾಣಲಿಲ್ಲ, ಇಂದಿಗೂ ಕಂಡಿಲ್ಲ. ಶಾಲೆಯ ಪುಸ್ತಕಗಳು ಗೆದ್ದ ಪ್ರಯೋಗಗಳನ್ನಷ್ಟೇ ಹೇಳುವುದರಿಂದ ಇಂಥ ಅಧ್ಯಾಯಗಳು ಮಕ್ಕಳ ಕಿವಿಗೆ ಬೀಳುವುದೇ ಇಲ್ಲ.

ಗಾಮಾ ಕಿರಣದ ಕಥೆ ಬೇರೆ. ಅದು ನೆಲವನ್ನು ಮುಟ್ಟುವುದಿಲ್ಲ. ವಾಯುಮಂಡಲದ ಮೇಲ್ಭಾಗದಲ್ಲೇ ಸಿಡಿದು ಕಣಗಳ ಮಳೆಯಾಗುತ್ತದೆ. ಆ ಮಳೆ ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವೇ ಭಾಗದಷ್ಟು ಕಾಲ ನೀಲಿಯ ಮಂದ ಬೆಳಕನ್ನು ಚೆಲ್ಲುತ್ತದೆ. ಇದಕ್ಕೆ ಚೆರೆಂಕಾವ್ ಬೆಳಕೆಂದು ಹೆಸರು. ಟಾಟಾ ಸಂಸ್ಥೆಯವರು 1969ರಲ್ಲಿ ಊಟಿಯಲ್ಲಿ ಇದನ್ನು ಹಿಡಿಯತೊಡಗಿದಾಗ ಬಳಸಿದ್ದು ಸರ್ಚ್‌ಲೈಟಿನ ಕನ್ನಡಿಗಳನ್ನು! ಚಂದ್ರನಿಲ್ಲದ, ಮೋಡವಿಲ್ಲದ ರಾತ್ರಿಗಳಷ್ಟೇ ಈ ಕೆಲಸಕ್ಕೆ ಸಲ್ಲುತ್ತವೆ. 1980ರ ದಶಕದಲ್ಲಿ ಕೆಲಸ ಮಧ್ಯಪ್ರದೇಶದ ಪಚ್‌ಮಡಿಗೆ ಸಾಗಿತು, ಬಳಿಕ ಲಡಾಖಿನ ಹಾನ್ಲೆಗೆ. ಅಲ್ಲಿ ಈಗ 21 ಮೀಟರ್ ವ್ಯಾಸದ ‘ಮೇಸ್’ ದೂರದರ್ಶಕ ನಿಂತಿದೆ. ಬಲೂನುಗಳನ್ನು ಮೇಲಕ್ಕೇರಿಸಿ ಕ್ಷ-ಕಿರಣಗಳನ್ನು ಅಭ್ಯಸಿಸಿದವರಲ್ಲಿಯೂ ಶ್ರೀಕಂಠನ್ ಮುಂದಿದ್ದರು. (ಕನ್ನಡ ಶಾಲೆಯ ಮಗು ಮರಾಠಿ ಪುಸ್ತಕವನ್ನು ತೆರೆದರೂ ಅಲ್ಲಿ ‘ಕ್ಷ-ಕಿರಣ’ವೇ ಸಿಗುತ್ತದೆ; ಗಡಿಯಲ್ಲಿ ಓದುವವರಿಗೆ ಇದೊಂದು ಸಣ್ಣ ಲಾಭ.)

1975ರಿಂದ 1987ರವರೆಗೆ ಅವರು ಸಂಸ್ಥೆಯ ನಿರ್ದೇಶಕರಾಗಿದ್ದರು. 1988ರಲ್ಲಿ ಪದ್ಮಭೂಷಣ ಸಂದಿತು. ಅನಂತರ ಬೆಂಗಳೂರಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯಲ್ಲಿ ಪ್ರಜ್ಞೆ ಎಂದರೇನೆಂಬ ಪ್ರಶ್ನೆಯತ್ತ ಮನಸ್ಸನ್ನು ತಿರುಗಿಸಿ, 2019ರ ಅಕ್ಟೋಬರಿನಲ್ಲಿ ನಿಧನರಾದರು.

ಉಮರ್ಗಾ, ನಿಲಂಗಾ, ಉದಗೀರ ಭಾಗದಿಂದ ಔಂಢಾ ನಾಗನಾಥನ ದರ್ಶನಕ್ಕೆ ಹೋಗುವ ಕುಟುಂಬಗಳು ಒಂದು ಸಂಗತಿಯನ್ನು ಮಕ್ಕಳಿಗೆ ತಿಳಿಸಬಹುದು. ಗುರುತ್ವದ ಅಲೆಗಳನ್ನು ಅಳೆಯುವ ‘ಲೈಗೊ-ಇಂಡಿಯಾ’ ವೇಧಶಾಲೆಗೆ ಆರಿಸಿದ ನೆಲ ಹಿಂಗೋಲಿ ಜಿಲ್ಲೆಯ ಆ ಪರಿಸರದಲ್ಲೇ ಇದೆ. 2023ರ ಏಪ್ರಿಲಿನಲ್ಲಿ ಕೇಂದ್ರ ಸಚಿವ ಸಂಪುಟ ಅದಕ್ಕೆ ಒಪ್ಪಿಗೆಯಿತ್ತಿತು. 2017ರ ಆಗಸ್ಟ್ 17ರಂದು ಎರಡು ನ್ಯೂಟ್ರಾನ್ ನಕ್ಷತ್ರಗಳು ಡಿಕ್ಕಿಹೊಡೆದ ಅಲೆ ಭೂಮಿಗೆ ತಲುಪಿದಾಗ, ಅದರ ಬೆನ್ನಲ್ಲೇ, ಸುಮಾರು 1.7 ಸೆಕೆಂಡಿನ ಅಂತರದಲ್ಲಿ ಬಂದದ್ದು ಗಾಮಾ ಕಿರಣಗಳೇ.