ವಾರದ ಬರಹಕ್ಕೊಂದು ನಿಯಮ

ಕನ್ನಡದಲ್ಲಿ ಈಗ ಹೊಸ ಬಗೆಯ ಪತ್ರಿಕೆಯೊಂದು ರೂಢಿಗೆ ಬರುತ್ತಿದೆ. ಅದಕ್ಕೆ ಕಚೇರಿ ಇಲ್ಲ, ಮುದ್ರಣಾಲಯವಿಲ್ಲ. ಲೇಖಕ, ಸಂಪಾದಕ, ಕರಡು ತಿದ್ದುವವ, ಅಂಚೆಯವ ಎಲ್ಲವೂ ಒಬ್ಬನೇ. ವಾರಕ್ಕೊಮ್ಮೆಯೋ ಪಕ್ಷಕ್ಕೊಮ್ಮೆಯೋ ಒಂದು ಬರಹವನ್ನು ಸಿದ್ಧಪಡಿಸಿ ಇ-ಮೇಲ್ ಅಥವಾ ವಾಟ್ಸಾಪ್ ಮೂಲಕ ಓದುಗರಿಗೆ ನೇರವಾಗಿ ಕಳುಹಿಸುತ್ತಾನೆ. ಶಾಸನ, ಹಳಗನ್ನಡ ಕಾವ್ಯ, ಸ್ಥಳೀಯ ಇತಿಹಾಸ, ಜಾನಪದ ಮೊದಲಾದ ವಿಷಯಗಳಿಗೆ ದಿನಪತ್ರಿಕೆಗಳ ಪುರವಣಿಗಳಲ್ಲಿ ಜಾಗ ಕಿರಿದಾಗುತ್ತಿರುವ ಕಾಲದಲ್ಲಿ ಇದೊಂದು ಒಳ್ಳೆಯ ಆಸರೆಯೇ ಸರಿ. ಆದರೆ ಇಂತಹ ಪ್ರಯತ್ನಗಳಲ್ಲಿ ಹಲವು ಏಳೆಂಟು ಸಂಚಿಕೆ ಕಾಣುವಷ್ಟರಲ್ಲಿ ನಿಂತುಬಿಡುತ್ತವೆ. ಕಾರಣ ಕೇಳಿದರೆ ಬರುವ ಉತ್ತರ ಒಂದೇ: ಉತ್ಸಾಹ ಉಳಿಯಲಿಲ್ಲ.

ಈ ಉತ್ತರವನ್ನು ಹಾಗೆಯೇ ಒಪ್ಪಿಕೊಳ್ಳಲು ನನಗೆ ಮನಸ್ಸಿಲ್ಲ. ಉತ್ಸಾಹ ಯಾರಲ್ಲಿಯೂ ಸದಾ ಒಂದೇ ಸಮನಾಗಿ ಉಳಿಯುವ ವಸ್ತುವಲ್ಲ. ಉಳಿಯದಿರುವುದನ್ನು ಆಧಾರಮಾಡಿಕೊಂಡು ಕೆಲಸ ಆರಂಭಿಸಿದ್ದೇ ಇಲ್ಲಿನ ದೋಷ. ಜೈನ ಶ್ರಾವಕಾಚಾರವನ್ನು ಓದಿದವರಿಗೆ ಈ ದೋಷದ ಪರಿಹಾರವೂ ಅಪರಿಚಿತವಲ್ಲ.

ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ಭೋಗೋಪಭೋಗಗಳ ಪರಿಮಿತಿಯನ್ನು ಹೇಳುವಾಗ ತ್ಯಾಗವನ್ನು ಎರಡು ಬಗೆಯಾಗಿ ವಿಂಗಡಿಸುತ್ತದೆ. ಕಾಲದ ಮಿತಿಯಿಟ್ಟು ಸ್ವೀಕರಿಸಿದ್ದು ನಿಯಮ. ಜೀವವಿರುವತನಕ ಎಂದು ಸ್ವೀಕರಿಸಿದ್ದು ಯಮ. ಒಂದು ದಿನ, ಒಂದು ಪಕ್ಷ, ಒಂದು ಮಾಸ, ಒಂದು ಋತು ಎಂದು ಅವಧಿ ಗೊತ್ತುಪಡಿಸಿಕೊಂಡ ಗೃಹಸ್ಥನ ತ್ಯಾಗಕ್ಕೂ ಅಲ್ಲಿ ಪೂರ್ಣ ಮಾನ್ಯತೆಯಿದೆ. ಶಕ್ತಿಯನ್ನು ಅರಿತು ವ್ರತ ಹಿಡಿಯಬೇಕು, ಹಿಡಿದದ್ದನ್ನು ಮುರಿಯಬಾರದು ಎಂಬುದು ಈ ವಿವೇಕದ ತಿರುಳು. ಇಂದಿನ ಒಂಟಿ ಪತ್ರಿಕಾಕರ್ತನು ಮಾಡುವುದು ಇದರ ವಿರುದ್ಧ. ಮೊದಲ ಸಂಚಿಕೆಯಲ್ಲಿಯೇ 'ಇನ್ನು ಮುಂದೆ ಪ್ರತಿ ಭಾನುವಾರ' ಎಂದು ಘೋಷಿಸಿ, ಗೃಹಸ್ಥನಾಗಿದ್ದುಕೊಂಡು ಯಮವನ್ನು ಕೈಗೊಳ್ಳುತ್ತಾನೆ. ಮೌಲ್ಯಮಾಪನ, ಮನೆಯವರ ಅನಾರೋಗ್ಯ, ಊರಿನ ಮದುವೆ ಇವುಗಳಲ್ಲಿ ಯಾವುದಾದರೂ ಒಂದು ಅಡ್ಡ ಬಂದ ಭಾನುವಾರ ವ್ರತಭಂಗವಾಗುತ್ತದೆ. ಭಂಗವಾದ ಮೇಲೆ ಮತ್ತೆ ಬರೆಯಲು ಸಂಕೋಚ. ಉತ್ಸಾಹ ಹೋಯಿತೆಂದು ನಾವು ಕರೆಯುವುದು ಬಹುಮಟ್ಟಿಗೆ ಈ ಸಂಕೋಚವನ್ನೇ.

ಯಮವನ್ನು ಹೊರುವ ಶಕ್ತಿ ಸಂಸ್ಥೆಗಳಿಗೆ ಇರಬಹುದು. ಮಡಿಕೇರಿಯ 'ಶಕ್ತಿ' ದಿನಪತ್ರಿಕೆ 1957ರಲ್ಲಿ ಬಿ. ಎಸ್. ಗೋಪಾಲಕೃಷ್ಣ ಅವರಿಂದ ಆರಂಭಗೊಂಡು ಸ್ಥಾಪಕರ ಕಾಲದ ಆಚೆಗೂ ನಡೆದುಬಂದಿದೆ. ಅದಕ್ಕೆ ಸಿಬ್ಬಂದಿ, ಜಾಹೀರಾತು, ಊರೂರಿನ ವರದಿಗಾರರು ಹೀಗೆ ಹೊರುವ ಹೆಗಲುಗಳು ಹಲವು. ಒಬ್ಬ ವ್ಯಕ್ತಿ ತನ್ನ ಬಿಡುವಿನ ವೇಳೆಯಲ್ಲಿ ನಡೆಸುವ ಬರಹಮಾಲೆಯನ್ನು ಆ ಅಳತೆಗೋಲಿನಿಂದ ಅಳೆಯುವುದು ನ್ಯಾಯವಲ್ಲ.

ಅಲ್ಪಾಯುಷಿಯಾದ ಪತ್ರಿಕೆಯೆಲ್ಲ ವ್ಯರ್ಥವೆಂದೂ ಹೇಳಲಾಗದು. ಕನ್ನಡ ಪತ್ರಿಕೋದ್ಯಮದ ಮೊದಲ ಹೆಜ್ಜೆಯೇ ಇದಕ್ಕೆ ಸಾಕ್ಷಿ. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ'ವನ್ನು ಪಾಕ್ಷಿಕವಾಗಿ, ಕಲ್ಲಚ್ಚಿನಲ್ಲಿ ಹೊರಡಿಸಿದರು. ಮರುವರ್ಷವೇ ಅದು ಬಳ್ಳಾರಿಗೆ ಸ್ಥಳಾಂತರಗೊಂಡು 'ಕನ್ನಡ ಸಮಾಚಾರ'ವಾಯಿತು; ಬಹುಕಾಲ ನಡೆಯಲಿಲ್ಲ. ಆದರೂ ಇಂದಿಗೂ ಕರ್ನಾಟಕದಲ್ಲಿ ಪತ್ರಿಕಾ ದಿನವನ್ನು ಆಚರಿಸುವುದು ಜುಲೈ 1ರಂದೇ. ಮೋಗ್ಲಿಂಗರ ಕೆಲಸವಾದರೂ ಅಲ್ಲಿಗೆ ಮುಗಿಯಲಿಲ್ಲ. ಪತ್ರಿಕೆಯ ಬಳಿಕ ಹಳೆಯ ಕನ್ನಡ ಕೃತಿಗಳನ್ನು 'ಬಿಬ್ಲಿಯೊಥಿಕಾ ಕರ್ನಾಟಿಕಾ' ಮಾಲೆಯಾಗಿ ಕಲ್ಲಚ್ಚಿನಲ್ಲಿ ತಂದರು. 1850ರ ದಶಕದಲ್ಲಿ ಕೊಡಗಿಗೆ ಬಂದು ನೆಲೆಸಿ, 1855ರಲ್ಲಿ ಈ ನಾಡಿನ ಬಗೆಗೆ ಇಂಗ್ಲಿಷಿನಲ್ಲಿ 'ಕೂರ್ಗ್ ಮೆಮಾಯರ್ಸ್' ಪ್ರಕಟಿಸಿದರು. ಮತಪ್ರಚಾರದ ಉದ್ದೇಶವನ್ನು ಕುರಿತು ನಮಗೆ ಭಿನ್ನಾಭಿಪ್ರಾಯವಿರಬಹುದು. ಒಂದು ಮಾಲೆ ಮುಗಿದಾಗ ಇನ್ನೊಂದನ್ನು ಆರಂಭಿಸುವ ಅವರ ಕಾರ್ಯಕ್ರಮದಲ್ಲಿ ಮಾತ್ರ ನಮ್ಮ ಕಾಲದ ಬರಹಗಾರನಿಗೆ ಪಾಠವಿದೆ.

ಎರಡನೆಯ ತೊಡಕು ಓದುಗರ ಸಂಖ್ಯೆಗೆ ಸಂಬಂಧಿಸಿದ್ದು. ಹಿಂದಿನ ಪತ್ರಿಕಾ ಲೇಖಕನಿಗೆ ತನ್ನ ಲೇಖನವನ್ನು ಎಷ್ಟು ಮಂದಿ ಓದಿದರೆಂಬುದು ತಿಳಿಯುತ್ತಿರಲಿಲ್ಲ. ಇಂದಿನವನಿಗೆ ಎಷ್ಟು ಮಂದಿ ತೆರೆದರು, ಎಷ್ಟು ಮಂದಿ ಅರ್ಧಕ್ಕೇ ಬಿಟ್ಟರು ಎಂಬ ಲೆಕ್ಕ ಬರೆದ ಗಳಿಗೆಯಿಂದಲೇ ಕಣ್ಣೆದುರು ಓಡುತ್ತಿರುತ್ತದೆ. ಇನ್ನೂರು ಜನರಿಗೆ ಕಳುಹಿಸಿದ್ದನ್ನು ನಲವತ್ತು ಜನ ಓದಿದರೆಂದು ಕಂಡಾಗ ಕೈ ಸೋಲುವುದು ಸಹಜವೇ. ಓದುಗರೇ ಇಲ್ಲದ ಮೇಲೆ ಬರೆಯುವುದೇಕೆ ಎಂಬ ಆಕ್ಷೇಪವೂ ತೂಕವಿಲ್ಲದ್ದಲ್ಲ. ಬರವಣಿಗೆ ಸಂವಹನವೇ ಆಗಿರುವುದರಿಂದ ಓದುಗನನ್ನು ಮರೆತ ಬರಹ ಕೆಡುತ್ತದೆ. ಆದರೆ ಓದುಗ ಯಾವಾಗ ಬರುತ್ತಾನೆಂಬ ಪ್ರಶ್ನೆಗೆ ಒಂದು ವಾರದ ಲೆಕ್ಕ ಉತ್ತರ ಕೊಡಲಾರದು.

ಕೊಡಗಿನ ಎರಡು ನಿದರ್ಶನಗಳನ್ನು ನೋಡಬಹುದು. ನಡಿಕೇರಿಯಂಡ ಚಿಣ್ಣಪ್ಪ (1875-1931) ಪೊಲೀಸ್ ಇಲಾಖೆಯಲ್ಲಿ ದುಡಿಯುತ್ತಿದ್ದವರು. ಬಾಯಿಂದ ಬಾಯಿಗೆ ಬಂದಿದ್ದ ಕೊಡವ ಹಾಡುಗಳನ್ನೂ ಗಾದೆಗಳನ್ನೂ ಆಚಾರವಿಚಾರಗಳನ್ನೂ ಸಂಗ್ರಹಿಸಿ, ಕನ್ನಡ ಲಿಪಿಯಲ್ಲಿ 'ಪಟ್ಟೋಲೆ ಪಳಮೆ'ಯನ್ನು 1924ರಲ್ಲಿ ಪ್ರಕಟಿಸಿದರು. ಒಂದು ಪುಟ್ಟ ನಾಡಿನ, ಅದರಲ್ಲೂ ಅಕ್ಷರಸ್ಥರಾದ ಕೆಲವರನ್ನು ಬಿಟ್ಟರೆ ಆ ಹೊತ್ತಿಗೆ ಅದಕ್ಕೆ ಓದುಗರೆಲ್ಲಿಂದ ಬರಬೇಕು? ಅವರ ಮೊಮ್ಮಕ್ಕಳಾದ ಬೊವ್ವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿಗಳ ಇಂಗ್ಲಿಷ್ ಅನುವಾದ ಹೊರಬಂದದ್ದು 2003ರಲ್ಲಿ. ಕೊಡವ ಸಂಸ್ಕೃತಿಯನ್ನು ಕುರಿತು ಬರೆಯುವವರು ಇಂದು ಆ ಗ್ರಂಥವನ್ನು ಮುಟ್ಟದೆ ಮುಂದೆ ಹೋಗುವಂತಿಲ್ಲ. ಚಿಣ್ಣಪ್ಪನವರ ಓದುಗರಲ್ಲಿ ಹೆಚ್ಚಿನವರು ಅವರ ಮರಣದ ಅನಂತರ ಹುಟ್ಟಿದವರು.

ಇನ್ನೊಬ್ಬರು ಕೊಡಗಿನ ಗೌರಮ್ಮ. ಸುಂಟಿಕೊಪ್ಪದ ಸಮೀಪದ ತೋಟದ ಮನೆಯಲ್ಲಿದ್ದುಕೊಂಡು 1930ರ ದಶಕದಲ್ಲಿ ಕತೆ ಬರೆದರು, 'ಮಿಸೆಸ್ ಬಿ. ಟಿ. ಜಿ. ಕೃಷ್ಣ' ಎಂಬ ಹೆಸರಿನಲ್ಲಿ ಪತ್ರಿಕೆಗಳಿಗೆ ಕಳುಹಿಸಿದರು. 1939ರಲ್ಲಿ, 27ನೆಯ ವಯಸ್ಸಿನಲ್ಲಿ ನೀರಿನಲ್ಲಿ ಮುಳುಗಿ ತೀರಿಕೊಂಡರು. 'ಕಂಬನಿ' ಸಂಕಲನವಾಗಿ ಬಂದುದನ್ನು ನೋಡಲು ಅವರು ಇರಲಿಲ್ಲ. ಇಪ್ಪತ್ತಕ್ಕಿಂತ ತುಸುವೇ ಹೆಚ್ಚಿನ ಕತೆಗಳು. ಕನ್ನಡ ಸ್ತ್ರೀ ಬರವಣಿಗೆಯ ಚರ್ಚೆ ಇಂದಿಗೂ ಅವುಗಳಿಂದ ಆರಂಭವಾಗುತ್ತದೆ. ಸಂಖ್ಯೆಯನ್ನೇ ನೋಡುವುದಾದರೆ ಈ ಸಂಖ್ಯೆಯನ್ನೂ ನೋಡಬೇಕು. ಅದೇ ಸುಂಟಿಕೊಪ್ಪದಲ್ಲಿ ಹುಟ್ಟಿದ ಕತೆಗಾರ ಅಬ್ದುಲ್ ರಶೀದ್ ಮುಂದೆ 'ಕೆಂಡಸಂಪಿಗೆ' ಅಂತರ್ಜಾಲ ಪತ್ರಿಕೆಯ ಸಂಪಾದಕರಾದರು. ತೋಟದ ಮನೆಯಿಂದ ಅಂಚೆಯಲ್ಲಿ ಹೊರಟ ಕತೆಗೂ ಪರದೆಯ ಮೇಲೆ ತೆರೆದುಕೊಳ್ಳುವ ಕತೆಗೂ ನಡುವೆ ಮಾಧ್ಯಮ ಬದಲಾಗಿದೆ. ದೂರದ, ಕಾಣದ ಓದುಗನಿಗಾಗಿ ಬರೆಯಬೇಕಾದ ಸ್ಥಿತಿ ಬದಲಾಗಿಲ್ಲ.

ಹಾಗಾದರೆ ಓದುಗ ಬರುವತನಕ ಬರಹಗಾರನನ್ನು ನಡೆಸುವುದು ಯಾವುದು? ಸ್ವಾಧ್ಯಾಯವೆಂದು ನನ್ನ ಉತ್ತರ. ಜೈನಾಗಮಗಳು ಸ್ವಾಧ್ಯಾಯವನ್ನು ಆರು ಅಂತರಂಗ ತಪಸ್ಸುಗಳಲ್ಲಿ ಒಂದಾಗಿ ಎಣಿಸುತ್ತವೆ. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಅದರ ಐದು ಅಂಗಗಳನ್ನು ಹೇಳುತ್ತದೆ: ವಾಚನಾ, ಪೃಚ್ಛನಾ, ಅನುಪ್ರೇಕ್ಷಾ, ಆಮ್ನಾಯ, ಧರ್ಮೋಪದೇಶ. ಗ್ರಂಥದ ಪಾಠ, ಸಂಶಯ ಬಂದಲ್ಲಿ ಬಲ್ಲವರನ್ನು ಕೇಳುವುದು, ತಿಳಿದುದನ್ನು ಮನಸ್ಸಿನಲ್ಲಿ ಮಥಿಸುವುದು, ಶುದ್ಧವಾಗಿ ಮತ್ತೆ ಮತ್ತೆ ಪಠಿಸುವುದು. ಪರರಿಗೆ ಹೇಳುವುದು ಕೊನೆಯದು. ವಾರದ ಬರಹವೆಂದರೆ ಈ ಐದನೆಯ ಅಂಗ. ಮೊದಲ ನಾಲ್ಕು ನಡೆಯುತ್ತಿದ್ದರೆ ಐದನೆಯದು ತಾನಾಗಿ ತುಂಬುತ್ತದೆ. ಆ ನಾಲ್ಕನ್ನು ಬಿಟ್ಟು ವಾರವಾರವೂ ಉಪದೇಶವನ್ನು ಮಾತ್ರ ಮಾಡಹೊರಟವನ ಕಣಜ ಎಂಟನೆಯ ವಾರಕ್ಕೆ ಬರಿದಾಗುವುದರಲ್ಲಿ ಆಶ್ಚರ್ಯವೇನಿದೆ? ಬರೆಯಲು ಮನಸ್ಸಾಗದ ವಾರ ಕೇಳಿಕೊಳ್ಳಬೇಕಾದ ಪ್ರಶ್ನೆ ಇದು: ಈ ವಾರ ನಾನು ಹೊಸದಾಗಿ ಏನು ಓದಿದೆ, ಯಾರನ್ನು ಏನು ಕೇಳಿದೆ? ಒಬ್ಬನೇ ಓದುಗ ಒಂದು ಶಾಸನದ ಪಾಠದ ಬಗೆಗೆ ಸಂಶಯವೆತ್ತಿ ಬರೆದರೂ ಅದು ಪೃಚ್ಛನೆಯೇ. ನೂರು ಹೆಬ್ಬೆರಳ ಚಿಹ್ನೆಗಳಿಗಿಂತ ಅದರ ಬೆಲೆ ಹೆಚ್ಚು.

ಕೊಡಗಿನಲ್ಲಿ ಕುಳಿತು ಬರೆಯುವವರಿಗೆ ಋತುವೂ ಒಂದು ನಿಯಮವನ್ನು ಕಲಿಸುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆಯದೇ ರಾಜ್ಯ. ಭಾಗಮಂಡಲದ ಸಂಗಮ ಉಕ್ಕಿ ರಸ್ತೆ ಮುಚ್ಚುವುದು, ಮರ ಬಿದ್ದು ದಿನಗಟ್ಟಲೆ ವಿದ್ಯುತ್ ಇಲ್ಲದಿರುವುದು, ಮೊಬೈಲ್ ಗೋಪುರ ಮೌನವಾಗುವುದು ವರ್ಷವರ್ಷದ ಅನುಭವ. 2018ರ ಆಗಸ್ಟ್‌ನ ಭೂಕುಸಿತವನ್ನು ಕಂಡವರಿಗೆ ಮಳೆಗಾಲದಲ್ಲಿ ಬೇರಾವ ಭರವಸೆ ಕೊಡಲೂ ಅಳುಕು. ನಮ್ಮ ಮುನಿಗಳು ಇದೇ ತಿಂಗಳುಗಳಲ್ಲಿ ವಿಹಾರ ನಿಲ್ಲಿಸಿ ಒಂದೆಡೆ ಚಾತುರ್ಮಾಸ ಕೈಗೊಳ್ಳುತ್ತಾರೆ. ಹಸಿರಿನಲ್ಲಿ ತುಂಬಿದ ಜೀವರಾಶಿಗೆ ಹಿಂಸೆಯಾಗದಿರಲೆಂಬುದು ಕಾರಣ. ಶಾಸ್ತ್ರಪಠನಕ್ಕೆ ದೊರೆಯುವ ಬಿಡುವು ಅದರ ಫಲ. ನಿಂತದ್ದರಿಂದ ವಿಹಾರ ಮುರಿದುಬಿತ್ತೆಂದು ಯಾರೂ ಹೇಳುವುದಿಲ್ಲ. ಬರಹಗಾರನೂ ವರ್ಷಕ್ಕೆ ನಾಲ್ಕು ತಿಂಗಳು ಓದಿಗೆಂದು ಮೀಸಲಿಟ್ಟು, ಅದನ್ನು ಓದುಗರಿಗೆ ಮೊದಲೇ ತಿಳಿಸಿಬಿಟ್ಟರೆ ಆ ವಿರಾಮ ಅಪರಾಧವಾಗದು. ಹೇಳದೆ ನಿಂತಾಗ ಓದುಗನಿಗೆ ಅವಮಾನ. ಹೇಳಿ ನಿಂತಾಗ ನಿರೀಕ್ಷೆ.

ಕೆಲಸ ತನ್ನೊಬ್ಬನದಲ್ಲವೆಂಬ ತಿಳಿವೂ ಬರಹಗಾರನನ್ನು ಬಹುದೂರ ನಡೆಸುತ್ತದೆ. ವೀರಸೇನಾಚಾರ್ಯರು ಜಯಧವಲಾ ಟೀಕೆಯನ್ನು ಇಪ್ಪತ್ತು ಸಾವಿರ ಗ್ರಂಥಪ್ರಮಾಣದಷ್ಟು ಬರೆದು ತೀರಿಕೊಂಡರು. ಶಿಷ್ಯ ಜಿನಸೇನರು ಇನ್ನು ನಲವತ್ತು ಸಾವಿರ ಸೇರಿಸಿ ಕ್ರಿ.ಶ. 837ರಲ್ಲಿ ಅದನ್ನು ಮುಗಿಸಿದರು. ಅದೇ ಜಿನಸೇನರ ಮಹಾಪುರಾಣ 42 ಪರ್ವಗಳಾಗಿ ಮುಂದಿನದಕ್ಕೆ ಕೈಯಿಟ್ಟಾಗ ನಿಂತಿತು. ಶಿಷ್ಯ ಗುಣಭದ್ರರು ಪೂರ್ಣಗೊಳಿಸಿದರು. ಗುರು ಬಿಟ್ಟ ಕಡೆಯಿಂದ ಶಿಷ್ಯ ಎತ್ತಿಕೊಂಡದ್ದನ್ನು ಪರಂಪರೆ ಕೊರತೆಯೆಂದು ಎಣಿಸಲಿಲ್ಲ. ನಮ್ಮ ಬರಹಮಾಲೆಗಳಲ್ಲಿಯೂ ಒಂದೆರಡು ಸಂಚಿಕೆಗಳನ್ನು ವಿದ್ಯಾರ್ಥಿಗಳಿಂದ ಬರೆಯಿಸಬಾರದೇಕೆ? ಸ್ನಾತಕೋತ್ತರ ವಿದ್ಯಾರ್ಥಿಯೊಬ್ಬ ತನ್ನ ಊರಿನ ವೀರಗಲ್ಲಿನ ಮೇಲೆ ಎರಡು ಪುಟ ಬರೆದು, ಅದನ್ನು ಅಧ್ಯಾಪಕ ತಿದ್ದಿ ಪ್ರಕಟಿಸಿದರೆ ಇಬ್ಬರ ಉತ್ಸಾಹವೂ ಉಳಿಯುತ್ತದೆ.

ಬರೆದದ್ದು ಉಳಿಯುವುದೆಂಬ ಭರವಸೆಯಿಲ್ಲದೆಯೂ ಬಹುಕಾಲ ಬರೆಯುವುದು ಕಷ್ಟ. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದ ಅತ್ತಿಮಬ್ಬೆಯ ಶಾಸ್ತ್ರದಾನವನ್ನು ನಾವು ಭಕ್ತಿಯಿಂದ ನೆನೆಯುತ್ತೇವೆ. ಪ್ರತಿ ಹೆಚ್ಚಿದಷ್ಟೂ ಕೃತಿಯ ಆಯುಸ್ಸು ಹೆಚ್ಚುವುದೆಂಬ ಅದರ ಸರಳ ತತ್ತ್ವವನ್ನು ಮರೆಯುತ್ತೇವೆ. ಅಂತರ್ಜಾಲ ಶಾಶ್ವತವೆಂಬುದು ಭ್ರಮೆ. ಲಕ್ಷಾಂತರ ಜನರ ಪುಟಗಳಿದ್ದ ಜಿಯೋಸಿಟೀಸ್ ಸೇವೆಯನ್ನು ಯಾಹೂ ಸಂಸ್ಥೆ 2009ರಲ್ಲಿ ಮುಚ್ಚಿತು. ಮೂಡಬಿದಿರೆಯಲ್ಲಿ ಧವಲಾದಿ ಸಿದ್ಧಾಂತಗ್ರಂಥಗಳ ತಾಳೆಯೋಲೆಗಳು ಶತಮಾನಗಳನ್ನು ದಾಟಿ ಉಳಿದದ್ದು ಯಾರೋ ಪ್ರತಿ ಮಾಡಿದ್ದರಿಂದ, ಯಾರೋ ಕಾಯ್ದುಕೊಂಡದ್ದರಿಂದ. ಇಪ್ಪತ್ತನಾಲ್ಕು ಸಂಚಿಕೆ ಮುಗಿದೊಡನೆ ಅವನ್ನು ಮುದ್ರಿಸಿ, ಹೊಲಿದು, ಕಾಲೇಜಿನ ಗ್ರಂಥಾಲಯಕ್ಕೊಂದು, ಊರಿನ ಗ್ರಂಥಾಲಯಕ್ಕೊಂದು, ಮಠಕ್ಕೊಂದು ಪ್ರತಿ ಕೊಟ್ಟರೆ ಬರೆದವನ ಮನಸ್ಸಿಗೂ ನೆಮ್ಮದಿ.

ಇಷ್ಟೆಲ್ಲ ಹೇಳಲು ಕಾರಣವಿದೆ. ಲೂಯಿ ರೈಸ್ ಅವರ 'ಎಪಿಗ್ರಾಫಿಯಾ ಕರ್ನಾಟಿಕಾ' ಮಾಲೆಯ ಮೊದಲ ಸಂಪುಟವೇ ಕೊಡಗಿನ ಶಾಸನಗಳದು. ಅದು ಅಚ್ಚಾದದ್ದು 1886ರಲ್ಲಿ. ಗಂಗರ ಕಾಲದ ಬಿಳಿಯೂರು ಮತ್ತು ಪೆಗ್ಗೂರು ಶಾಸನಗಳು, ಕೊಂಗಾಳ್ವರ ಕಾಲದ ಮುಳ್ಳೂರಿನ ಬಸದಿಗಳು, ಅಲ್ಲಿನ ಗುಣಸೇನ ಪಂಡಿತರ ಹೆಸರು ಇವೆಲ್ಲವೂ ಸಂಶೋಧಕರಿಗೆ ಗೊತ್ತು. ಮುಳ್ಳೂರಿಗೆ ಹತ್ತು ಮೈಲಿಯ ಒಳಗಿರುವ ಶಾಲೆಯ ಮಕ್ಕಳಿಗೆ ಗೊತ್ತೇ ಎಂದು ಕೇಳಿ ನೋಡಬೇಕು. ಸಂಶೋಧನಾ ಪತ್ರಿಕೆಯ ಲೇಖನ ಆ ಮಕ್ಕಳನ್ನು ತಲಪುವುದಿಲ್ಲ. ತಲಪಬಲ್ಲ ಸರಳ ಬರಹಕ್ಕೆ ಅಧ್ಯಾಪಕನ ಬಡ್ತಿಯ ಲೆಕ್ಕದಲ್ಲಿ ಬೆಲೆಯಿಲ್ಲ. ಈ ಎರಡರ ನಡುವಿನ ಕಂದಕದಲ್ಲಿ ಒಂದು ನಾಡಿನ ಚರಿತ್ರೆ ಮೆಲ್ಲಗೆ ಕುಸಿಯುತ್ತಿದೆ. ಅದನ್ನು ತಡೆಯಲು ವಾರಕ್ಕೊಂದು ಸಾವಿರ ಪದ ಸಾಕಾಗಬಹುದು. ಬರೆಯುವವರು ಎಂಟನೆಯ ವಾರ ನಿಲ್ಲಿಸದಿದ್ದರೆ.

ಆದ್ದರಿಂದ ಹೊಸದಾಗಿ ಆರಂಭಿಸುವ ತರುಣ ಸಂಶೋಧಕರಲ್ಲಿ ನನ್ನ ವಿನಂತಿ ಇಷ್ಟು. ಯಮ ಬೇಡ, ನಿಯಮ ಹಿಡಿಯಿರಿ. ತೀರ್ಥಂಕರರ ಸಂಖ್ಯೆಯಷ್ಟು, ಇಪ್ಪತ್ತನಾಲ್ಕು ಸಂಚಿಕೆಗಳೆಂದು ಮೊದಲೇ ಹೇಳಿ. ಒಂದೇ ವಿಷಯವನ್ನು ಆರಿಸಿಕೊಳ್ಳಿ. ಮುಳ್ಳೂರಿನ ಬಸದಿಗಳಾದರೂ ಆಗಬಹುದು. ಆರಂಭಕ್ಕೆ ಮುನ್ನ ಆರು ಬರಹಗಳು ಕೈಯಲ್ಲಿರಲಿ. ಮಳೆಗಾಲದಲ್ಲಿ ಓದಿ, ಮಳೆ ಬಿಟ್ಟ ಮೇಲೆ ಬರೆಯಿರಿ. ಇಪ್ಪತ್ತನಾಲ್ಕನೆಯದನ್ನು ಕಳುಹಿಸಿದ ದಿನ ಮುಗಿಯಿತೆಂದು ಹೇಳಿ ಪ್ರತಿಗಳನ್ನು ಹೊಲಿಯಿರಿ. ಮತ್ತೊಂದು ನಿಯಮಕ್ಕೆ ಶಕ್ತಿಯಿದೆಯೇ ಎಂಬುದನ್ನು ಆಮೇಲೆ ನೋಡಿದರಾಯಿತು.